ಅಕ್ಕಯ್ಯಮ್ಮನ ಹಿತ್ತಲಿನ ಸಿಹಿಗುಂಬಳ

ಅಕ್ಕಯ್ಯಮ್ಮನ ಕೈಯಿಂದ ಕುಂಬಳದ ಬೀಜ ಇಸಿದುಕೊಂಡವರು ಅವಳ ಬೀದಿಯ ಮನೆಸಾಲಿನಲ್ಲಿ ಇವತ್ತಿಗೂ ಇದ್ದಾರೆ. ಬೀಜ ಕೊಡುವಾಗ ಅವಳು ಒಂದೇ ಮಾತು ಹೇಳುತ್ತಿದ್ದಳು: “ಹೂವು ಕೀಳಬೇಡಿ, ಬಳ್ಳೀಲೇ ಇರಲಿ.” ಆ ಮಾತು ಅವಳಿಗೆ ಅಮ್ಮ ಹೇಳಿಕೊಟ್ಟದ್ದಲ್ಲ. ಅಮ್ಮ ಹೇಳಿಕೊಟ್ಟದ್ದು ಅದಕ್ಕೆ ಉಲ್ಟಾ. ತಾನೇ ಒಂದು ಬೇಸಿಗೆ ಪೂರ್ತಿ ಒದ್ದಾಡಿ ಕಲಿತದ್ದು ಅದು.

ರಾಜಾಜಿನಗರಕ್ಕೆ ಆಗಿನ್ನೂ ಹೆಸರು ಬಂದಿತ್ತೇ ಹೊರತು ಊರು ಬಂದಿರಲಿಲ್ಲ. ಹೊಲಗಳ ಮೇಲೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಅಲ್ಲೊಂದು ಇಲ್ಲೊಂದು ಸಾಲು ಮನೆ ಎಬ್ಬಿಸಿದ್ದರು. ಮಾಗಡಿ ರಸ್ತೆ ಕಡೆಯ ಕೊನೆ ಸಾಲಿನಲ್ಲಿ, ಕಾರ್ಖಾನೆ ಕೆಲಸಗಾರರಿಗೆಂದು ಕಟ್ಟಿದ ಮನೆಗಳಲ್ಲಿ ಒಂದು ಅವಳ ಗಂಡ ಕೆಂಪಯ್ಯನಿಗೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಹೆಂಚಿನ ಬಚ್ಚಲು, ಅದರಾಚೆ ನಾಲ್ಕು ಎತ್ತು ಕಟ್ಟುವಷ್ಟು ಹಿತ್ತಲು. ಬೀದಿ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ನೋಡಿದವರು ಇದೇನು ಮನೆ ಎನ್ನುತ್ತಿದ್ದರು. ಅಕ್ಕಯ್ಯಮ್ಮನಿಗೆ ಅದೇ ಅರಮನೆ.

ಅದಕ್ಕೆ ಕಾರಣವಿತ್ತು. ಮದುವೆಯಾಗಿ ಎರಡು ವರ್ಷ ಅವಳು ಹೇರೋಹಳ್ಳಿಯಲ್ಲಿ ಅತ್ತೆ ಮಾವನ ಜೊತೆ, ಕೆಂಪಯ್ಯ ಕಾರ್ಖಾನೆ ಹತ್ತಿರ ನಾಲ್ಕಾರು ಗಂಡಸರ ಜೊತೆ ಒಂದೇ ಕೋಣೆಯಲ್ಲಿ. ಶನಿವಾರ ಸಂಜೆ ಸೈಕಲ್ಲಿನಲ್ಲಿ ಬಂದು ಸೋಮವಾರ ಕೋಳಿ ಕೂಗುವ ಮೊದಲು ಹೊರಟುಬಿಡುತ್ತಿದ್ದ. ಗಂಡನ ಮುಖಕ್ಕಿಂತ ಅವನ ಸೈಕಲ್ ಬೆಲ್ಲಿನ ಪರಿಚಯವೇ ಅವಳಿಗೆ ಹೆಚ್ಚು. ಸಂಕ್ರಾಂತಿ ಕಳೆದ ಮೇಲೆ ಮನೆ ಸಿಕ್ಕಿ, ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಉಂಡಾಗ, ಇನ್ನು ಈ ಒಲೆ ಬಿಟ್ಟು ಏಳುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಶಿವರಾತ್ರಿಗೆ ಹೇರೋಹಳ್ಳಿಗೆ ಹೋದಾಗ ಮಾವ ಹನುಮಂತಯ್ಯ ಆ ಗಂಟಿಗೇ ಕೈ ಹಾಕಿದ.

“ಆರಿದ್ರಾ ಮಳೆಗೆ ರಾಗಿ ಬಿತ್ತಬೇಕು ಕಣ್ಲಾ,” ಎಂದ ಮಗನಿಗೆ, ಎಲೆಗೆ ಸುಣ್ಣ ಸವರುತ್ತ. “ಅಷ್ಟೊತ್ಗೆ ನಿನ್ನ ಹೆಂಡ್ರನ್ನ ತಂದು ಬಿಟ್ಬಿಡು. ನೀನು ಮೊದಲಿನಂಗೆ ಶನಿವಾರ ಬಂದು ಹೋಗು.”

“ಅಲ್ಲಪ್ಪ, ಮನೆ ಸಿಕ್ಕೈತಲ್ಲ,” ಎಂದ ಕೆಂಪಯ್ಯ.

“ಯಾತರ ಮನೆ? ಕರಿಬೇವಿನ ಎಲೆಗೂ ಕಾಸು ಬಿಚ್ಚೋದು ಮನೇನ್ಲಾ? ಛತ್ರ ಅದು. ಛತ್ರಕ್ಕೆ ಒಬ್ಬ ಗಂಡಸು ಸಾಕು.”

ಕೆಂಪಯ್ಯ ನೆಲ ನೋಡಿದ. ಅಪ್ಪನ ಮುಂದೆ ಅವನ ನಾಲಿಗೆ ಯಾವಾಗಲೂ ರಜಾ ಹಾಕುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಕ್ಕಯ್ಯಮ್ಮ ಮೊರ ಕೆಳಗಿಟ್ಟಳು.

“ಮಾವ, ಮನೆ ಹಿಂದೆ ಹಿತ್ತಲು ಐತೆ. ನಮ್ಮ ಎಸರಿಗೆ ಬೇಕಾದ್ದು ನಾವೇ ಬೆಳ್ಕೊಂತೀವಿ.”

ಹನುಮಂತಯ್ಯ ಸೊಸೆಯ ಕಡೆ ತಿರುಗಿದ. ಸಿಟ್ಟು ಬಂದಿರಲಿಲ್ಲ, ನಗು ಬಂದಿತ್ತು. “ಆ ಗೊರಚಲ ಮಣ್ಣಿನಲ್ಲಾ? ಅಲ್ಲಿ ಕಳೆ ಬೆಳದ್ರೆ ನಿನ್ನ ಪುಣ್ಯ ಕಣವ್ವ. ಸರಿ, ಆರಿದ್ರಾ ಮಳೆ ಹೊತ್ಗೆ ನಾನೇ ಗಾಡಿ ಕಟ್ಕೊಂಡು ಬತ್ತೀನಿ. ಸಂತೆ ಕಾಯಿ, ಅಂಗಡಿ ಸೊಪ್ಪು ಒಂದೂ ಮುಟ್ಟದಂಗೆ ನಂಗೊಂದು ಊಟ ಇಕ್ಕು. ಸಿಹಿಗುಂಬಳದ ಹುಳಿ ಇರ್ಬೇಕು. ಇಕ್ಕಿದ್ಯಾ, ಅಲ್ಲೇ ಇರು. ಇಲ್ದಿದ್ರೆ ಅದೇ ಗಾಡೀಲಿ ನನ್ನ ಜೊತೆ ಬಾ.”

“ಆಗಲಿ ಮಾವ,” ಎಂದಳು.

ವಾಪಸು ಬರುವಾಗ ಸೈಕಲ್ ತುಳಿಯುತ್ತ ಕೆಂಪಯ್ಯ ಗೊಣಗಿದ. “ದಂಟಿನ ಸೊಪ್ಪು ಅಂದಿದ್ರೆ ಒಂದು ತಿಂಗಳಲ್ಲಿ ಬರ್ತಿತ್ತು. ಕುಂಬಳಕ್ಕೆ ಯಾಕೆ ಒಪ್ಕಂಡೆ?”

ಹಿಂದೆ ಕ್ಯಾರಿಯರ್ ಮೇಲೆ ಕೂತವಳು ಹೇಳಿದಳು: “ಒಪ್ಕಂಡಿದ್ದು ನಾನು. ನೀವು ಮುಂದೆ ನೋಡ್ಕಂಡು ತುಳೀರಿ.”

ಹಿತ್ತಲಿನ ಮಣ್ಣು ಮಾವ ಹೇಳಿದಂತೆಯೇ ಇತ್ತು. ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿತ್ತು. ಇಟ್ಟಿಗೆ ಚೂರು, ಗಟ್ಟಿಯಾದ ಗಾರೆ, ಬಾಗಿದ ಮೊಳೆ, ಮೇಸ್ತ್ರಿಗಳು ಸೇದಿ ಎಸೆದ ಬೀಡಿ ತುಂಡು, ಎಲ್ಲ ಬಂತು, ಎರೆಹುಳ ಒಂದು ಬರಲಿಲ್ಲ. ಸಂಜೆ ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಕೆಂಪಯ್ಯ ಬಂದು ಹಾರೆ ಹಿಡಿಯುತ್ತಿದ್ದ. ಅವನು ಅಗೆದದ್ದನ್ನು ಅವಳು ಜರಡಿ ಹಿಡಿದು ಕಲ್ಲನ್ನು ಬೇಲಿ ಪಕ್ಕ ಗುಡ್ಡೆ ಹಾಕುತ್ತಿದ್ದಳು. ಯುಗಾದಿ ಹೊತ್ತಿಗೆ ಕಲ್ಲಿನ ಗುಡ್ಡೆ ಅವಳ ಸೊಂಟದೆತ್ತರ ಬೆಳೆದಿತ್ತು. “ಮೊದಲನೇ ಫಸಲು ಚೆನ್ನಾಗಿ ಬಂತು,” ಎಂದ ಕೆಂಪಯ್ಯ.

ಗೊಬ್ಬರಕ್ಕೆ ಅವಳು ಮಾಗಡಿ ರಸ್ತೆಗೆ ಹೋದಳು. ಮಾರ್ಕೆಟ್ಟಿಗೆ ಸೊಪ್ಪು, ಸೌದೆ ಹೇರಿಕೊಂಡು ಹೋಗುವ ಗಾಡಿಗಳು ಆಲದಮರದ ಕೆಳಗೆ ಎತ್ತು ಬಿಚ್ಚಿ ನಿಲ್ಲುತ್ತಿದ್ದವು. ಬುಟ್ಟಿ ಹಿಡಿದು ಸಗಣಿ ಆಯುತ್ತಿದ್ದಾಗ ಗಾಡಿಯ ಮುನಿರಾಜು ಗುರುತು ಹಿಡಿದ. ಅವನೂ ಹೇರೋಹಳ್ಳಿಯವನೇ.

“ಏನವ್ವ, ಹನುಮಂತಯ್ಯನೋರ ಸೊಸೆ ಅಲ್ವಾ? ಕೊಟ್ಟಿಗೆ ತುಂಬ ದನ ಇಟ್ಕಂಡು ರೋಡಲ್ಲಿ ಸಗಣಿ ಆಯ್ತಾ ಇದೀಯಲ್ಲ.”

“ನಿನ್ನ ಎತ್ತು ಬೇಲಿ ಹಾರಿ ಮೇದಿದ್ದು ನಮ್ಮಾವನ ಹುಲ್ಲೇ ತಾನೇ ಅಣ್ಣ? ನಮ್ಮದು ನಮ್ಮನೆಗೇ ಬಂತು ಬಿಡು.”

ಮುನಿರಾಜು ನಕ್ಕು, ಇನ್ನೊಂದು ಗಾಡಿಯ ಕೆಳಗಿದ್ದುದನ್ನೂ ತೋರಿಸಿದ.

ಯುಗಾದಿ ಬೆಳಿಗ್ಗೆ ಊರಿನಲ್ಲಿ ಹೊನ್ನಾರು ಕಟ್ಟುತ್ತಾರೆ. ಎತ್ತು ತೊಳೆದು, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲು ಹೊಡೆಯುವ ಶಾಸ್ತ್ರ. ಅದನ್ನು ಮಾಡದೆ ಬೀಜ ಊರಲು ಅಕ್ಕಯ್ಯಮ್ಮನ ಕೈ ಬರಲಿಲ್ಲ. ನೇಗಿಲಿಲ್ಲ, ಎತ್ತಿಲ್ಲ. ಗುದ್ದಲಿಗೆ ಅರಿಶಿನ ಕುಂಕುಮ ಇಟ್ಟು, ಕಾವಿಗೆ ಬೇವಿನ ಸೊಪ್ಪು ಕಟ್ಟಿದಳು. ಅದರ ಕುತ್ತಿಗೆಗೆ ಹಗ್ಗ ಬಿಗಿದು ತಾನು ಮುಂದೆ ಎಳೆದಳು. ಹೊಸ ಪಂಚೆ ಉಟ್ಟ ಕೆಂಪಯ್ಯ ಹಿಂದೆ ಒತ್ತಿ ಹಿಡಿದ. ಹಿತ್ತಲ ಈ ಕೊನೆಯಿಂದ ಆ ಕೊನೆಗೆ ಒಂದು ಸೊಟ್ಟ ಸಾಲು ಬಿತ್ತು.

ಪಕ್ಕದ ಮನೆಯ ಇಂದ್ರಮ್ಮ ಬೇವುಬೆಲ್ಲದ ಬಟ್ಟಲು ಹಿಡಿದು ಬೇಲಿ ಆಚೆಯಿಂದ ನೋಡುತ್ತಿದ್ದಳು. ಅವಳ ಗಂಡ ಅದೇ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ, ತುಮಕೂರು ಪೇಟೆಯವರು. “ಏನ್ರೀ ಅಕ್ಕಯ್ಯಮ್ಮ, ಎತ್ತು ಒಂದೇ ಇದೆ, ಇನ್ನೊಂದು ಎಲ್ಲಿ?” ಎಂದಳು.

“ಇನ್ನೊಂದು ನೇಗಿಲು ಹಿಡ್ಕೊಂಡೈತೆ ಕಣ್ರೀ,” ಎಂದಳು ಅಕ್ಕಯ್ಯಮ್ಮ. ಕೆಂಪಯ್ಯನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬೀಜಗಳು ಸುಂಕದಕಟ್ಟೆಯ ತವರಿನಿಂದ ಬಂದಿದ್ದವು. ಅಮ್ಮ ಸೋರೆ ಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟಿದ್ದನ್ನು ಸೆರಗಿಗೆ ಕಟ್ಟಿ ಕಳಿಸಿದ್ದಳು: ದಂಟು, ಬೆಂಡೆ, ಹೀರೆ, ಸಿಹಿಗುಂಬಳ. ಕೆಂಪಯ್ಯ ಕಾರ್ಖಾನೆಯವನಲ್ಲವೇ, ದಾರ ಕಟ್ಟಿ, ಗೇಣು ಅಳೆದು ಗುರುತು ಹಾಕತೊಡಗಿದ.

“ಬಳ್ಳಿ ನಿಮ್ಮ ಮಿಷಿನ್ನಲ್ಲ, ಗೆರೆ ಮೇಲೆ ಹೋಗಾಕೆ,” ಎಂದಳು.

“ಬಳ್ಳಿ ಎಂಗಾದ್ರೂ ಹೋಗ್ಲಿ. ನೀರು ಗೆರೆ ಮೇಲೆ ಹೋಗ್ಬೇಕು.”

ಅವನು ಹೇಳಿದ್ದು ಸರಿಯಾಗಿತ್ತು. ಒಡೆದ ಹೆಂಚುಗಳನ್ನು ಜೋಡಿಸಿ ಬಚ್ಚಲಿನಿಂದ ಅವನು ಮಾಡಿದ ಕಾಲುವೆಯಲ್ಲಿ ಸ್ನಾನದ ನೀರು ಒಂದು ಹನಿ ದಾರಿ ತಪ್ಪದೆ ಎಲ್ಲ ಪಾತಿಗೂ ಹೋಗುತ್ತಿತ್ತು. ನಲ್ಲಿಯಿಂದ ಕೊಡ ಹೊರುವ ಕೆಲಸ ಅರ್ಧಕ್ಕರ್ಧ ತಪ್ಪಿತು. ಕುಂಬಳದ ಗುಂಡಿಗೆ ಸಗಣಿ, ಒಲೆಯ ಬೂದಿ ತುಂಬಿ, ಒಂದು ಬೀಜ ಅವನು, ಒಂದು ಬೀಜ ಅವಳು ಊರಿದರು.

ದಂಟು ಮೊದಲು ಬಂತು. ಬೆಂಡೆ ಗಿಡ ಮೊಣಕಾಲೆತ್ತರ ಎದ್ದು ಹೂ ಬಿಟ್ಟಿತು. ಕುಂಬಳದ ಬಳ್ಳಿಯಂತೂ ಗೊರಚಲನ್ನು ಮರೆತು ಕಲ್ಲಿನ ಗುಡ್ಡೆ ಹತ್ತಿ, ಅಲ್ಲಿಂದ ಬಚ್ಚಲಿನ ಹೆಂಚಿನ ಮೇಲೆ ಹರಡಿಕೊಂಡಿತು. ಭರಣಿ ಮಳೆ ಬಿದ್ದ ವಾರವೇ ಹೊನ್ನಿನ ಬಣ್ಣದ ಹೂಗಳು ಬಿರಿದವು.

ಕುಂಬಳದಲ್ಲಿ ಎರಡು ತರದ ಹೂವು. ಒಂದರ ಬುಡದಲ್ಲಿ ಗೋಲಿಯಷ್ಟು ಹೀಚು ಇರುತ್ತದೆ. ಇನ್ನೊಂದಕ್ಕೆ ಬರೀ ಉದ್ದನೆ ತೊಟ್ಟು. ಅದು ಕಾಯಿ ಕಟ್ಟುವುದಿಲ್ಲ, ಊರಿನಲ್ಲಿ ಅದಕ್ಕೆ ಗೊಡ್ಡು ಹೂವು ಎನ್ನುತ್ತಾರೆ. ಗೊಡ್ಡು ಹೂವು ಬಳ್ಳಿಯ ಸತ್ವ ತಿನ್ನುತ್ತದೆ, ಬೆಳಿಗ್ಗೆಯೇ ಕಿತ್ತು ಹೊಸ್ತಿಲಿಗೆ ಇಡಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅಕ್ಕಯ್ಯಮ್ಮ ಬಿಸಿಲೇರುವ ಮೊದಲೇ ಒಂದೂ ಬಿಡದೆ ಕಿತ್ತಳು. ಹೊಸ್ತಿಲಿಗೆ ಎರಡು, ಒಲೆಗೆ ಒಂದು, ಮಿಕ್ಕಿದ್ದು ಇಂದ್ರಮ್ಮನ ದೇವರ ಪಟಕ್ಕೆ.

ಹೀಚುಗಳು ಒಂದೊಂದಾಗಿ ಮೂತಿ ಹಳದಿಯಾಗಿ ಉದುರತೊಡಗಿದವು.

ಮೊದಲು ಬಿಸಿಲು ಎಂದುಕೊಂಡಳು. ನೀರು ಹೆಚ್ಚು ಹಾಕಿದಳು. ಉದುರಿದವು. ನೀರು ಕಡಿಮೆ ಮಾಡಿದಳು. ಆಗಲೂ ಉದುರಿದವು. ಒಂದು ದಿನ ಇಂದ್ರಮ್ಮ ಹೂವಿಗೆಂದು ಬಂದವಳು, “ಅಲ್ನೋಡಿ, ಎಷ್ಟು ಮುದ್ದಾಗಿದೆ ಹೀಚು,” ಎಂದು ತೋರುಬೆರಳು ನೀಡಿ ತೋರಿಸಿದಳು. ಎರಡು ದಿನಕ್ಕೆ ಅದೂ ಉದುರಿತು.

ಹೀಚಿಗೆ ಬೆರಳು ತೋರಿಸಬಾರದು, ತೋರಿಸಲೇಬೇಕಾದರೆ ಬೆರಳು ಮಡಿಸಿ ತೋರಿಸಬೇಕು. ಹೇರೋಹಳ್ಳಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಅಕ್ಕಯ್ಯಮ್ಮನಿಗೆ ಉತ್ತರ ಸಿಕ್ಕಿಬಿಟ್ಟಿತು. ಇಂದ್ರಮ್ಮನಿಗೆ ಹೂವು ನಿಂತಿತು, ಮಾತೂ ನಿಂತಿತು. ಬೇಲಿಗೆ ತೆಂಗಿನ ಗರಿಯ ತಟ್ಟಿ ಬಂತು. ಕೆಂಪಯ್ಯ ಹಳೆ ಮಡಕೆಗೆ ಸುಣ್ಣದ ಬೊಟ್ಟು ಇಟ್ಟು ಕಣ್ಣು ಮೂಗು ಬರೆದು ಕೋಲಿಗೆ ಸಿಕ್ಕಿಸಿದ. ಅದರ ಮೂತಿ ನೋಡಿ ಅಕ್ಕಯ್ಯಮ್ಮ, “ನಿಮ್ಮಪ್ಪನಂಗೇ ಬಂದೈತೆ,” ಎಂದಳು. ದೃಷ್ಟಿಗೊಂಬೆ ಬಂದರೂ ಹೀಚು ಮಾತ್ರ ನಿಲ್ಲಲಿಲ್ಲ.

ಇಷ್ಟರಲ್ಲಿ ಮುನಿರಾಜು ಗಾಡಿ ನಿಲ್ಲಿಸಿ ಸುದ್ದಿ ಹೇಳಿ ಹೋದ: “ನಿಮ್ಮಾವ ಎತ್ತಿಗೆ ಲಾಳ ಕಟ್ಟಿಸ್ತಾ ಇದ್ರು ಕಣವ್ವ. ರಾಜಾಜಿನಗರಕ್ಕೆ ಹೋಗೋದೈತೆ, ಬರೋವಾಗ ಗಾಡಿ ಬರಿದು ಬರಾಕಿಲ್ಲ ಅಂದ್ರು.”

ಅವತ್ತು ಉಣ್ಣುವಾಗ ಕೆಂಪಯ್ಯ ಮೆಲ್ಲಗೆ ಮಾತು ತೆಗೆದ. “ಮಾರ್ಕೆಟಿಂದ ಒಂದು ಎಳೇ ಕಾಯಿ ತಂದು ಬಳ್ಳಿಗೆ ಕಟ್ಟಿಬಿಟ್ರೆ? ಎಲೆ ಮುಚ್ಚಿದ್ರೆ ಯಾರಿಗೆ ತಿಳೀತದೆ?”

“ನಿಮ್ಮಪ್ಪ ಹುಟ್ಟಿದಾಗಿಂದ ತೊಟ್ಟು ನೋಡಿ ಕಾಯಿ ಕಿತ್ತೋರು. ಅವರಿಗೆ ದಾರದ ಗಂಟು ಕಾಣಲ್ವಾ?” ಮುದ್ದೆ ಮುರಿದು ಅವನ ತಟ್ಟೆಗೆ ಹಾಕಿದಳು. “ನಾನು ಬೆಳ್ದು ಇಕ್ತೀನಿ ಅಂದೆ. ಬೆಳ್ದೇ ಇಕ್ತೀನಿ.”

“ನೀನು ಹೋಗ್ಬಿಟ್ರೆ ನಂಗೆ ಇಲ್ಲಿ ಉಣ್ಣಾಕೆ ಆಗಲ್ಲ ಕಣಮ್ಮಿ,” ಎಂದ ಅವನು. ಹೇಳಿದ ಮೇಲೆ ತನಗೇ ನಾಚಿಕೆಯಾಗಿ ಎಸರು ಸುರಿದುಕೊಂಡ. ಆ ಮಾತನ್ನು ಅವಳು ಎಂಬತ್ತು ದಾಟಿದ ಮೇಲೂ ಮರೆಯಲಿಲ್ಲ.

ಆ ವಾರ ಸುಂಕದಕಟ್ಟೆಯಿಂದ ಕರೆ ಬಂತು. ಅಣ್ಣನ ಮಗುವಿಗೆ ನಾಮಕರಣ. ಹೋಗದೆ ಆಗುವುದಿಲ್ಲ. “ನೀರು ಬಿಡಿ. ಬೆಳಿಗ್ಗೆ ಎದ್ದು ಗೊಡ್ಡು ಹೂವು ಕೀಳಿ. ಬಚ್ಚಲ ಮೇಲಿನದ್ದನ್ನೂ ಬಿಡಬೇಡಿ,” ಎಂದು ಮೂರು ಸಲ ಹೇಳಿ ಹೋದಳು. ಕೆಂಪಯ್ಯ ಮೂರು ಸಲವೂ ತಲೆಯಾಡಿಸಿದ.

ತವರಿನಲ್ಲಿ ಅವಳ ಕಣ್ಣು ಮಗುವಿಗಿಂತ ತಿಪ್ಪೆಯ ಮೇಲೇ ಇತ್ತು. ತಿಪ್ಪೆ, ಬೇಲಿ, ಪಕ್ಕದ ಮನೆಯ ಚಪ್ಪರ, ಎಲ್ಲಿ ನೋಡಿದರೂ ಕುಂಬಳದ ಹೂವು. ಅಮ್ಮ ಹೊಸ್ತಿಲಿಗೆಂದು ಕಿತ್ತರೂ ಕೇರಿ ತುಂಬ ಉಳಿದೇ ಇರುತ್ತಿತ್ತು. ದುಂಬಿ ಒಂದು ಮನೆಯ ಹೂವಿನಿಂದ ಎದ್ದು ಇನ್ನೊಂದು ಮನೆಯ ಹೂವಿಗೆ ಕೂರುತ್ತಿತ್ತು. ನೋಡಿದಳು, ಆದರೆ ಆಗ ಏನೂ ಹೊಳೆಯಲಿಲ್ಲ.

ನಾಲ್ಕು ದಿನ ಬಿಟ್ಟು ಬಂದವಳು ಗಂಟನ್ನು ನಡುಮನೆಯಲ್ಲೇ ಬಿಸಾಕಿ ಹಿತ್ತಲಿಗೆ ಹೋದಳು. ಕಲ್ಲಿನ ಗುಡ್ಡೆಯ ಮೇಲೆ ಒಂದು, ಹೆಂಚಿನ ಮೇಲೆ ಎರಡು, ಹೀಚುಗಳು ನಿಂಬೆಹಣ್ಣಿಗಿಂತ ದಪ್ಪಗಾಗಿ ಹಸಿರಾಗಿ ಗಟ್ಟಿಯಾಗಿ ಕೂತಿದ್ದವು. ಮುಟ್ಟಿ ನೋಡಿದಳು. ಅಲ್ಲಾಡಲಿಲ್ಲ.

ಕೆಂಪಯ್ಯ ಬಂದ ತಕ್ಷಣ ಕೇಳಿದಳು. “ಏನು ಮಾಡಿದ್ರಿ?”

“ಏನೂ ಮಾಡಿಲ್ಲ,” ಎಂದ ಅವನು, ಬೈಗುಳಕ್ಕೆ ತಯಾರಾಗಿ. “ನೀರು ಬಿಟ್ಟೆ. ಹೂವು ಕಿತ್ತೆ.”

“ಹೂವು ಕಿತ್ರಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಅವನ ಕೈ ತಾನಾಗೇ ಹೆಗಲ ಮೇಲಿನ ಟವೆಲಿಗೆ ಹೋಯಿತು. ಬಳ್ಳಿಯ ತುಂಬ ಬಾಡಿದ ಗೊಡ್ಡು ಹೂಗಳು ನೇತಾಡುತ್ತಿದ್ದವು. ಅವುಗಳ ಪಕ್ಕದಲ್ಲೇ ಹೊಸ ಮೊಗ್ಗುಗಳು.

“ಓವರ್‌ಟೈಮ್ ಇತ್ತು ಕಣಮ್ಮಿ. ಬೆಳಿಗ್ಗೆ ಏಳಾಕೆ ಆಗ್ಲಿಲ್ಲ. ಒಂದೂ ಕಿತ್ತಿಲ್ಲ. ಬಯ್ಯೋದಾದ್ರೆ ಬಯ್ದುಬಿಡು.”

ಅಕ್ಕಯ್ಯಮ್ಮ ಬಯ್ಯಲಿಲ್ಲ. ಕಲ್ಲಿನ ಗುಡ್ಡೆಯ ಮೇಲೆ ಕೂತುಬಿಟ್ಟಳು. ಊರಿನಲ್ಲಿ ಎಷ್ಟು ಕಿತ್ತರೂ ಹೂವಿಗೆ ಬರವಿಲ್ಲ. ಅಲ್ಲಿ ಒಬ್ಬರ ಬಳ್ಳಿಗೆ ಅವರದೇ ಹೂವು ಬೇಕೆಂದಿಲ್ಲ. ಇಲ್ಲಿ ಕಣ್ಣು ಹಾಯುವವರೆಗೂ ಸುಣ್ಣದ ಗೆರೆ, ನೆಟ್ಟ ಕಲ್ಲು. ಈ ಸುತ್ತಿನಲ್ಲಿ ಇರುವುದು ಇದೊಂದೇ ಬಳ್ಳಿ. ಅದರ ಗೊಡ್ಡು ಹೂವನ್ನೆಲ್ಲ ದಿನಾ ಬೆಳಿಗ್ಗೆ ಕಿತ್ತು ಹೊಸ್ತಿಲಿಗೆ ಇಟ್ಟವಳು ತಾನೇ. ಹೀಚಿನ ಹೂವಿಗೆ ಗೊಡ್ಡು ಹೂವಿನ ಹುಡಿ ತರುವ ದುಂಬಿ ಎಲ್ಲಿಂದ ಎದ್ದು ಎಲ್ಲಿಗೆ ಬರಬೇಕು? ಬೆರಳೂ ಅಲ್ಲ, ಬಿಸಿಲೂ ಅಲ್ಲ.

“ಇನ್ಮೇಲೆ ನೀವು ಬೆಳಿಗ್ಗೆ ಏಳಲೇಬೇಡಿ,” ಎಂದಳು. ಕೆಂಪಯ್ಯನಿಗೆ ಅದು ಬೈಗುಳವೋ ಹೊಗಳಿಕೆಯೋ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಅವಳೇ ತಟ್ಟಿ ಕಿತ್ತು ಒಲೆಗೆ ಹಾಕಿ, ಒಂದು ಕಂತೆ ದಂಟು ಹಿಡಿದು ಇಂದ್ರಮ್ಮನ ಬಾಗಿಲಿಗೆ ಹೋದಳು. “ತಪ್ಪು ನಂದು ಕಣ್ರೀ, ನಿಮ್ಮ ಬೆರಳದ್ದಲ್ಲ. ಕಾಯಿ ನಿಂತೈತೆ, ಬಂದು ನೋಡಿ.”

ಇಂದ್ರಮ್ಮ ಬಂದಳು, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು. “ಬೆರಳು ಕಟ್ಟಿಕೊಂಡೇ ಬಂದಿದೀನಿ ತಾಯಿ. ಗದ್ದದಲ್ಲಿ ತೋರಿಸ್ತೀನಿ, ಪರವಾಗಿಲ್ಲ ತಾನೇ?” ಎಂದು ಗದ್ದ ಎತ್ತಿ ಬಚ್ಚಲ ಮೇಲಿನ ಕಾಯಿ ತೋರಿಸಿದಳು. ಇಬ್ಬರೂ ಬೇಲಿ ಹಿಡಿದು ನಕ್ಕರು.

ಆರಿದ್ರಾ ಮಳೆಯ ಮೋಡ ಕಟ್ಟಿದ ದಿನ ಹನುಮಂತಯ್ಯನ ಗಾಡಿ ಬಂತು. ಸೊಸೆಯ ಗಂಟು ಮೂಟೆಗೆಂದು ಗಾಡಿಯಲ್ಲಿ ಹುಲ್ಲು ಹಾಸಿ ಚಾಪೆಯನ್ನೂ ಹಾಕಿತ್ತು. ಅವನು ಕಾಲು ತೊಳೆದು ಒಳಗೆ ಕೂರಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋದ. ಬೆಂಡೆ ಗಿಡದ ಬುಡ ಕೆದಕಿದ. ಮಣ್ಣನ್ನು ಮೂಸಿದ. ಹೆಂಚಿನ ಕಾಲುವೆಯನ್ನು ಕೋಲಿನಿಂದ ತಟ್ಟಿ, “ಇದ್ಯಾರು ಮಾಡಿದ್ದು?” ಎಂದ.

“ನಿಮ್ಮ ಮಗ,” ಎಂದಳು ಅಕ್ಕಯ್ಯಮ್ಮ.

“ಊರಲ್ಲಿದ್ದಾಗ ಒಂದು ಕಾಲುವೇನೂ ನೆಟ್ಟಗೆ ಕಟ್ಟದೋನು,” ಎಂದು ಮಗನ ಕಡೆ ನೋಡಿದ. ಆಮೇಲೆ ದೃಷ್ಟಿಗೊಂಬೆಯನ್ನು ಬಹಳ ಹೊತ್ತು ನೋಡಿದ. “ಇದು ಯಾರಂಗೋ ಐತಲ್ಲ.” ಕೆಂಪಯ್ಯ ಆಕಾಶ ನೋಡಿದ.

ಮಾವನ ಕಣ್ಣ ಮುಂದೆಯೇ ಅಕ್ಕಯ್ಯಮ್ಮ ಹೆಂಚಿನ ಮೇಲಿನ ಎರಡು ಕಾಯಿಗಳಲ್ಲಿ ಒಂದನ್ನು ಕುಡುಗೋಲಿನಿಂದ ಕೊಯ್ದಳು. ತೊಟ್ಟಿನಿಂದ ಅಂಟು ನೀರು ಒಸರಿತು. ಮಾವ ಅದನ್ನು ಬೆರಳಲ್ಲಿ ಒರೆಸಿ ನೋಡಿದ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಊಟಕ್ಕೆ ಕೂತ. ದಂಟಿನ ಬಸ್ಸಾರು, ಬೆಂಡೆಕಾಯಿ ಪಲ್ಯ, ಹೀರೇಕಾಯಿ ಚಟ್ನಿ, ಮುದ್ದೆ, ಕೊನೆಗೆ ಸಿಹಿಗುಂಬಳದ ಹುಳಿ. ಉಣ್ಣುವಾಗ ಹನುಮಂತಯ್ಯ ಮಾತಾಡುವವನಲ್ಲ. ಕೆಂಪಯ್ಯ ಅಪ್ಪನ ಕೈಯನ್ನೇ ನೋಡುತ್ತಿದ್ದ. ಅಕ್ಕಯ್ಯಮ್ಮ ನೋಡಲಿಲ್ಲ. ಉಪ್ಪು ಹುಳಿ ಸರಿಯಾಗಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹುಳಿಗೆ ಎರಡನೇ ಸಲ ತಟ್ಟೆ ಮುಂದೆ ಬಂತು.

“ಒಗ್ಗರಣೆ ಕರಿಬೇವು?” ಎಂದ ಮಾವ, ತಟ್ಟೆಯಿಂದ ಒಂದು ಎಲೆ ಎತ್ತಿ ಹಿಡಿದು.

ಅಕ್ಕಯ್ಯಮ್ಮ ಸೌಟು ಕೆಳಗಿಟ್ಟಳು.

“ಅಂಗಡೀದಲ್ಲ ಮಾವ, ಸಂತೇದೂ ಅಲ್ಲ. ಪಕ್ಕದ ಮನೆ ಇಂದ್ರಮ್ಮನೋರು ಕುಂಡದಲ್ಲಿ ಇಟ್ಟವ್ರೆ. ನಾನು ದಂಟು ಕೊಟ್ಟೆ, ಅವರು ಎಲೆ ಕೊಟ್ರು.”

ಹನುಮಂತಯ್ಯ ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದ. “ಕೊಡೋ ತಗಳೋ ಜನಾನೂ ಆದ್ರು ಅನ್ನು,” ಎಂದ, ಯಾರಿಗೂ ಅಲ್ಲದಂತೆ.

ಕೈ ತೊಳೆದು ಮತ್ತೆ ಹಿತ್ತಲಿಗೇ ಬಂದ. ಕಲ್ಲಿನ ಗುಡ್ಡೆಯ ಮೇಲಿದ್ದ ಕಾಯಿ ಎಲ್ಲಕ್ಕಿಂತ ದೊಡ್ಡದು. ಅದರ ಮುಂದೆ ನಿಂತು, ತೋರುಬೆರಳನ್ನು ಮಡಿಸಿ ಗೆಣ್ಣಿನಿಂದ ತೋರಿಸಿದ.

“ಇದನ್ನ ಕೀಳಬೇಡ ಕಣವ್ವ. ಬೀಜಕ್ಕೆ ಬಿಡು. ಗೊರಚಲಲ್ಲಿ ನಿಂತ ಕಾಯಿ, ಇದರ ಬೀಜ ನಮಗೂ ಬೇಕು.”

“ಬಲಿಯೋಕೆ ಇನ್ನೂ ಎರಡು ತಿಂಗಳು ಬೇಕು ಮಾವ,” ಎಂದಳು ಅಕ್ಕಯ್ಯಮ್ಮ. ದನಿಯಲ್ಲಿ ಏನೂ ತೋರಗೊಡಲಿಲ್ಲ.

“ಬೇಕೇ ಬೇಕು. ಅಲ್ಲೀವರೆಗೂ ನೋಡ್ಕಳೋರು ಬೇಡ್ವಾ? ಇವನ ಕೈಗೆ ಬಿಟ್ರೆ ನೀರು ಬಿಟ್ಟು ಮಲಿಕ್ಕಂಡುಬಿಡ್ತಾನೆ.” ಪಂಚೆ ಕೊಡವಿಕೊಂಡು ಗಾಡಿಯ ಕಡೆ ನಡೆದ. “ಬಿತ್ತನೆಗೆ ಆಳು ಮಾಡ್ಕಂತೀನಿ. ಇನ್ನೊಂದು ಸಲ ಬರೋವಾಗ ಒಂದು ಗಾಡಿ ಗೊಬ್ಬರ ತತ್ತೀನಿ. ನಮ್ಮನೆ ಸೊಸೆ ರೋಡಲ್ಲಿ ಸಗಣಿ ಆಯೋದು ಬೇಡ.”

ಕೆಂಪಯ್ಯ ಎತ್ತು ಹೂಡಿ ಕೊಟ್ಟ. ಹುಲ್ಲಿನ ಮೇಲೆ ಹಾಸಿದ್ದ ಚಾಪೆಯನ್ನು ಹನುಮಂತಯ್ಯ ತಾನೇ ಸುತ್ತಿ ಪಕ್ಕಕ್ಕಿಟ್ಟ. ಅದರ ಜಾಗದಲ್ಲಿ ಅಕ್ಕಯ್ಯಮ್ಮ ಅತ್ತೆಗೆಂದು ಹೆಂಚಿನ ಮೇಲಿನ ಇನ್ನೊಂದು ಕುಂಬಳಕಾಯಿ ಇಟ್ಟು, ಉರುಳದಂತೆ ಸುತ್ತ ಹುಲ್ಲು ಒತ್ತಿದಳು. ಗಾಡಿ ಬರಿದು ಹೋಗಲಿಲ್ಲ.